ಎಡಗಾಲಿನ ಗುರುತು

ಮೂರನೆಯ ಕಲ್ಲು ದವದವ ಮರದ ಕೊಂಬೆಗೆ ಬಡಿದು ಕೆಳಗೆ ಬಿತ್ತು. ಮರದ ತುಂಬ ಕೂತಿದ್ದ ಗಿನಿಕೋಳಿಗಳು ಒಟ್ಟಿಗೆ ಬಾಯಿ ತೆರೆದವು. ಎಣ್ಣೆ ಕಾಣದ ಮೂವತ್ತು ಸೈಕಲ್ಲುಗಳನ್ನು ಒಂದೇ ಇಳಿಜಾರಿನಲ್ಲಿ ಬಿಟ್ಟ ಹಾಗಿತ್ತು ಆ ಸದ್ದು. ಅತಂಪೋಕ ತನ್ನ ಮನೆಯ ಮಣ್ಣಿನ ಮಾಳಿಗೆಯ ಮೇಲೆ ಬೋರಲಾಗಿ ಮಲಗಿ, ಅಂಚುಗೋಡೆಯಿಂದ ಕಣ್ಣಷ್ಟೇ ಮೇಲೆತ್ತಿ ನೋಡುತ್ತಿದ್ದಳು. ಕೆಳಗೆ ಬನಿಯನ್ನು ತೊಟ್ಟು ಸೊಂಟಕ್ಕೆ ಟವೆಲು ಸುತ್ತಿಕೊಂಡ ಅಬೆರಿಂಗ ನಾಲ್ಕನೆಯ ಕಲ್ಲಿಗಾಗಿ ಬಗ್ಗಿದ.

ಎಡಗೈ ಎಸೆತ ಹಾಗೇ ಇದೆ, ಭುಜ ಮಾತ್ರ ಮೇಲೇಳುತ್ತಿಲ್ಲ, ಎಂದುಕೊಂಡಳು. ಒಂದು ಕಾಲದಲ್ಲಿ ಇದೇ ಕೈ ಅವಳು ತೋರಿಸಿದ ಶಿಯಾ ಹಣ್ಣನ್ನು ತೋರಿಸಿದ ಕೊಂಬೆಯಿಂದಲೇ ಉರುಳಿಸುತ್ತಿತ್ತು.

ನಾಲ್ಕನೆಯ ಕಲ್ಲು ಎಲೆಗಳ ನಡುವೆ ನುಗ್ಗಿತು. ಹಕ್ಕಿಗಳ ಹಿಂಡು ಒಮ್ಮೆಲೇ ಎದ್ದು, ಗದ್ದಲ ಮಾಡುತ್ತ ಅವನ ತಲೆಯ ಮೇಲೆಯೇ ಹಾರಿ, ಅವನ ಹೊಸ ಮನೆಯ ತಗಡಿನ ಮಾಡಿನ ಮೇಲೆ ಇಳಿಯಿತು. ಅಷ್ಟೂ ಕಾಲುಗಳ ಉಗುರು ತಗಡಿನ ಮೇಲೆ ಓಡಾಡತೊಡಗಿತು. ಅಬೆರಿಂಗ ಕೈಯಲ್ಲಿದ್ದ ಐದನೆಯ ಕಲ್ಲನ್ನು ಅಲ್ಲೇ ಬಿಟ್ಟು, ಮೆಟ್ಟಿಲ ಮೇಲೆ ಕುಸಿದು ಕೂತು, ಎರಡೂ ಕಿವಿ ಮುಚ್ಚಿಕೊಂಡ. ಅತಂಪೋಕಳಿಗೆ ನಗು ಬಂತು. ಪೂರ್ತಿ ಬರುವ ಮೊದಲೇ ಒಳಗೆಲ್ಲೋ ಸಿಕ್ಕಿಕೊಂಡಿತು.

"ಏನ್ ಗಂಡಪ್ಪಾ, ಬೆಳಬೆಳಗ್ಗೆ ಯಾರನ್ನ ಕದ್ದು ನೋಡ್ತಿದ್ದೀಯಾ?" ಎಂದು ಅಂಗಳದಿಂದ ಲಮಿಸಿ ಕೇಳಿದಳು.

ಲಮಿಸಿ ತಮ್ಮನ ಹೆಂಡತಿ. ಮದುವೆಯಾಗಿ ಬಂದ ಹೆಂಗಸಿಗೆ ಆ ಮನೆಯ ಹೆಣ್ಣುಮಕ್ಕಳೆಲ್ಲ ಗಂಡಂದಿರೇ ಎನ್ನುವುದು ಆ ಕಡೆಯ ಹಳೆಯ ತಮಾಷೆ. ಎಲ್ಲರೂ ಮೊದಲ ವರ್ಷ ಹಾಗೆ ಕರೆದು ಬಿಟ್ಟುಬಿಡುತ್ತಾರೆ. ಲಮಿಸಿ ಹದಿನೆಂಟು ವರ್ಷವಾದರೂ ಬಿಟ್ಟಿರಲಿಲ್ಲ.

"ಕೋಳಿ ನೋಡ್ತಿದೀನಿ ಕಣೆ."

"ಟವೆಲು ಸುತ್ತಿರೋ ಕೋಳಿನಾ?"

ಅತಂಪೋಕ ಕಚ್ಚು ಕೊರೆದ ಮರದ ಏಣಿಯಿಂದ ಇಳಿದು ಬಂದಳು. ಕಾಳಿನ ಸೋರೆಬುರುಡೆ ಕೈಗೆತ್ತಿಕೊಂಡು ಎರಡು ಸಲ ಅಲ್ಲಾಡಿಸಿದಳು. ಪಕ್ಕದ ಮನೆಯ ತಗಡು ಒಮ್ಮೆಲೇ ನಿಶ್ಶಬ್ದವಾಯಿತು. ಗಿನಿಕೋಳಿಗಳು ಓಡಿ ಬಂದು ಅವಳ ಕಾಲ ಸುತ್ತ ಮುತ್ತಿದವು. ಬುರುಡೆಯನ್ನು ಸ್ವಲ್ಪ ಮೊದಲೇ ಅಲ್ಲಾಡಿಸಬಹುದಿತ್ತು. ಅವನು ಹೊರಗೆ ಬಂದು ಮರದ ಕೆಳಗೆ ನಿಲ್ಲುವುದನ್ನು, ತಲೆಯೆತ್ತಿ ಆ ಹಕ್ಕಿಗಳನ್ನು ನೋಡುವುದನ್ನು ತಾನು ದಿನಾ ಕಾಯುತ್ತಿದ್ದೇನೆ ಎಂದು ಅವಳು ಯಾರ ಹತ್ತಿರವೂ ಒಪ್ಪಿಕೊಳ್ಳುತ್ತಿರಲಿಲ್ಲ.

ಅಬೆರಿಂಗ ಮೂವತ್ತೆರಡು ವರ್ಷ ದಕ್ಷಿಣದ ಚಿನ್ನದ ಗಣಿಯಲ್ಲಿದ್ದು ಕಳೆದ ಬೇಸಿಗೆಯಲ್ಲಷ್ಟೇ ಊರಿಗೆ ಮರಳಿದ್ದ. ನೆಲದಡಿಯ ಸಿಡಿತಗಳಿಂದ ಅವನ ಬಲಗಿವಿಯಲ್ಲಿ ಸದಾ ಒಂದು ಗುಯ್‌ಗುಟ್ಟುವಿಕೆ ಉಳಿದುಕೊಂಡಿತ್ತು. ಅದಕ್ಕೇ ಅವನನ್ನು ಮನೆಗೆ ಕಳಿಸಿದ್ದರು. ಅಪ್ಪನ ಕಾಲದ ಬಿದ್ದುಹೋದ ಮನೆಯ ಜಾಗದಲ್ಲಿ ಸಿಮೆಂಟಿನ ಮೂರು ಕೋಣೆ ಕಟ್ಟಿಸಿಕೊಂಡ. ಅತಂಪೋಕಳ ಮನೆಯಿಂದ ಅಲ್ಲಿಗೆ ಹೊಲದ ಮೇಲೆ ಅರವತ್ತು ಹೆಜ್ಜೆ.

ಬಂದ ಮೊದಲ ವಾರ ಮಾತಾಡಿಸಲು ಬಂದಿದ್ದ. ಅವಳು ಸಜ್ಜೆಹಿಟ್ಟು ಕಲಸಿದ ನೀರು ಕೊಟ್ಟಳು. ಕುಡಿದು, ಬಾಯೊರೆಸಿಕೊಂಡು, ನೀನು ಅತಂಪೋಕ ಅಲ್ವಾ, ಅಯಾಮ್ಗನ ಅಕ್ಕ, ಎಂದ. ಅವಳ ತಾಯಿ ತೀರಿಕೊಂಡದ್ದು ಯಾವಾಗ ಎಂದು ಕೇಳಿದ. ತನ್ನ ಹೆಂಡತಿ ಹೋಗಿ ಐದು ವರ್ಷವಾಯಿತು ಎಂದ. ಎದ್ದು ಹೊರಡುವಾಗ ಬಾಗಿಲಲ್ಲಿ ನಿಂತು ಕಾಲ ಬುಡದಲ್ಲಿ ಕೆದಕುತ್ತಿದ್ದ ಹಕ್ಕಿಗಳನ್ನು ನೋಡಿದ. ಅವಳು ಅವನ ಕೈಯನ್ನೇ ನೋಡಿದಳು. ಈಗ ಬಗ್ಗುತ್ತಾನೆ, ಈಗ ಒಂದನ್ನು ಹಿಡಿದು ಕಾಲು ನೋಡುತ್ತಾನೆ. ಅವನು, ತುಂಬಾ ಕೂಗ್ತವೆ ಇವು, ಎಂದಷ್ಟೇ ಹೇಳಿ ಹೊರಟುಹೋದ.

ಆ ಹಕ್ಕಿಗಳನ್ನು ಈ ಅಂಗಳಕ್ಕೆ ತಂದವನೇ ಅವನು.

ಆಗ ಅವಳಿಗೆ ಹತ್ತೊಂಬತ್ತು. ಸಜ್ಜೆ ಭುಜದೆತ್ತರ ಬೆಳೆದಿತ್ತು. ಮಾಳಿಗೆಯ ಮೇಲೆ ಬೆಂಡೆಕಾಯಿ ಒಣಹಾಕುತ್ತಿದ್ದವಳಿಗೆ ಮೊದಲು ಕೇಳಿದ್ದು ಹೊಲದ ನಡುವಿನಿಂದ ಬರುತ್ತಿದ್ದ ಎರಡು ಗಿನಿಕೋಳಿಗಳ ಕಿರುಚಾಟ. ಆಮೇಲೆ ಪೈರು ಅಲ್ಲಾಡುವುದು ಕಂಡಿತು. ಬಹಳ ಹೊತ್ತಾದ ಮೇಲೆ, ಪೈರಿನ ಮೇಲೆ ಒಂದು ತಲೆ. ಅಬೆರಿಂಗ ಒಂದು ಗಂಡು ಒಂದು ಹೆಣ್ಣು ಹಕ್ಕಿಯನ್ನು ಒಂದೇ ದಾರದಲ್ಲಿ ಕಟ್ಟಿಕೊಂಡು, ಕೋಲಾ ಬೀಜ, ಹೊಗೆಸೊಪ್ಪಿನ ಜೊತೆ ಮಾತಿಗೆಂದು ಸೋದರಮಾವನನ್ನೂ ಕರೆದುಕೊಂಡು ಬರುತ್ತಿದ್ದ. ಹಕ್ಕಿಗಳು ಅಷ್ಟು ಕೂಗಿದ್ದರಿಂದ ಅವನು ಯಾರ ಮನೆಗೆ, ಯಾಕೆ ಹೋಗುತ್ತಿದ್ದಾನೆಂದು ಊರಿಗೆಲ್ಲ ತಿಳಿದುಹೋಯಿತು. ಮನೆಮನೆಯ ಮಾಳಿಗೆಯ ಮೇಲೂ ಹೆಂಗಸರು ನಿಂತು ನೋಡುತ್ತಿದ್ದರು. ಅವನಿಗೆ ನಾಚಿಕೆಯಾಗಿತ್ತು, ಆದರೂ ನಗುತ್ತಿದ್ದ. ಹಕ್ಕಿಗಳನ್ನು ಎತ್ತಿ ಹಿಡಿದು ನಗುತ್ತಿದ್ದ.

ಹೆಣ್ಣಿನ ಅಪ್ಪ ಆ ಹಕ್ಕಿಗಳನ್ನು ಕೊಯ್ದರೆ ಮದುವೆಗೆ ಒಪ್ಪಿಗೆ. ಅದೇ ದಾರದಲ್ಲಿ ಕಟ್ಟಿ ಜೀವಂತ ಹಿಂದಿರುಗಿಸಿದರೆ ಇಲ್ಲ. ಮೂರನೆಯ ಉತ್ತರ ಎನ್ನುವುದು ಇರಲಿಲ್ಲ.

ಅವಳಪ್ಪ ಅಂದು ಏನನ್ನೂ ಮಾಡಲಿಲ್ಲ. ತನ್ನ ಅಣ್ಣನ ಸಾವಿನ ಕಾರ್ಯ ಇನ್ನೂ ಬಾಕಿಯಿದೆ, ಅದು ಮುಗಿಯದೆ ಶುಭದ ರಕ್ತ ಅಂಗಳದಲ್ಲಿ ಬೀಳಬಾರದು, ಹಕ್ಕಿಗಳನ್ನು ಇಲ್ಲೇ ಕಟ್ಟಿಹಾಕಿರಲಿ ಎಂದ. ಅಂದು ಸಂಜೆ ಅವನು ಚಾಕು ಮಸೆದು ಜಂತಿಗೆ ಸಿಕ್ಕಿಸಿದ್ದನ್ನು ಅವಳು ಕಣ್ಣಾರೆ ಕಂಡಳು. ಹನ್ನೊಂದನೆಯ ದಿನ ಅವನಿಗೆ ಜ್ವರ ಬಂತು. ಹದಿನಾಲ್ಕನೆಯ ದಿನ ಅವನೇ ಇರಲಿಲ್ಲ. ಸಾವಿನ ಮನೆಯ ಗಡಿಬಿಡಿಯಲ್ಲಿ ಯಾರೋ ಏನನ್ನೋ ಕಟ್ಟಲು ಆ ದಾರವನ್ನು ಬಿಚ್ಚಿಕೊಂಡರು. ಹಕ್ಕಿಗಳು ಹಾರಿ ದವದವ ಮರ ಹತ್ತಿದವು.

ತಮ್ಮ ಅಯಾಮ್ಗನಿಗೆ ಆಗ ಒಂಬತ್ತು ವರ್ಷ. ತಾಯಿ ಹೋಗಿ ಹಿರಿಯರನ್ನು ಕೇಳಿದಳು. ಅವರು ಒಂದು ಮಧ್ಯಾಹ್ನ ಪೂರ್ತಿ ಬುರುಡೆಗಳಲ್ಲಿ ಪಿಟೊ ಹೆಂಡ ಕುಡಿಯುತ್ತ ಚರ್ಚಿಸಿದರು. ಮರದ ಮೇಲಿರುವ ಹಕ್ಕಿ ಕೊಟ್ಟವನ ಕೈಯಲ್ಲೂ ಇಲ್ಲ, ಪಡೆದವನ ಕೈಯಲ್ಲೂ ಇಲ್ಲ. ಅದನ್ನು ಕೊಯ್ಯುವಂತಿಲ್ಲ, ಹಿಂದಿರುಗಿಸುವಂತೆಯೂ ಇಲ್ಲ. ಕೊನೆಗೆ ಅವಳಪ್ಪನ ದಾಯಾದಿ ಅಕುಗ್ರೆ, ಮೊದಲು ಹಿಡಿಯಿರಿ, ಹಿಡಿದ ಮೇಲೆ ಮಾತಾಡೋಣ, ಎಂದು ಬುರುಡೆ ಕೆಳಗಿಟ್ಟ. ಯಾರೂ ಹಿಡಿಯಲಿಲ್ಲ. ಅತಂಪೋಕ ಎರಡು ಸಲ ರಹಸ್ಯವಾಗಿ ಮರ ಹತ್ತಿ ಮೊಣಕಾಲು ತರಚಿಕೊಂಡಳು. ಸಜ್ಜೆ ಕೊಯ್ಲಾಯಿತು. ಧೂಳುಗಾಳಿ ಬಂತು, ಹೋಯಿತು. ಆ ಬೇಸಿಗೆಯ ಕೊನೆಗೆ ಅಬೆರಿಂಗ ದಕ್ಷಿಣದ ಲಾರಿ ಹತ್ತಿದ.

ಮರುಮಳೆಗಾಲದಲ್ಲಿ ಹೆಣ್ಣುಹಕ್ಕಿ ಕಡಲೆಕಾಯಿ ಹೊಲದಲ್ಲಿ ಮೊಟ್ಟೆಯಿಟ್ಟಿತು. ಗಿನಿಕೋಳಿಗೆ ಕಾವು ಕೂರುವ ತಾಳ್ಮೆಯಿಲ್ಲ. ಅತಂಪೋಕ ಮೊಟ್ಟೆಗಳನ್ನು ಆಯ್ದು ಮನೆಕೋಳಿಯ ಕೆಳಗಿಟ್ಟಳು. ಹದಿನಾಲ್ಕು ಮರಿ. ಹಿಂಡುಗಳು ಬೆರೆತುಹೋಗದಿರಲಿ ಎಂದು ಪ್ರತಿ ಮನೆಯವರೂ ಮರಿಗಳ ಕಾಲ್ಬೆರಳಿನ ತುದಿ ಗೆಣ್ಣು ಕತ್ತರಿಸಿ ಗುರುತು ಮಾಡುತ್ತಾರೆ. ಅವಳ ಮನೆಯ ಗುರುತು ಬಲಗಾಲಿನ ಹೊರಬೆರಳು. ಅಬೆರಿಂಗನ ಮನೆಯದು ಎಡಗಾಲಿನ ಒಳಬೆರಳು. ತಾಯಿ ಬ್ಲೇಡು ಕೊಟ್ಟಳು. ಅತಂಪೋಕ ಮೊದಲ ಮರಿಯ ಎಡಗಾಲು ಹಿಡಿದಳು. ತಾಯಿ ನೋಡಿದಳು, ಎದ್ದುಹೋಗಿ ಒಲೆಯ ಮೇಲಿನ ಸಾರು ತಿರುವಿದಳು.

ಅವಳ ಲೆಕ್ಕ ಸರಳವಾಗಿತ್ತು. ಉತ್ತರ ಕೊಡದ ಹಕ್ಕಿ ಇನ್ನೂ ಕೊಟ್ಟವನದೇ. ತಾನು ಬರೀ ಕಾವಲು.

ಮುಂದೆ ಅವಳನ್ನು ಬೇರೆ ಊರಿಗೆ ಮದುವೆ ಮಾಡಿಕೊಟ್ಟರು. ಆರು ವರ್ಷ ಇದ್ದಳು. ಪ್ರತಿ ಮಳೆಗಾಲ, ತಾಯಿಯನ್ನು ನೋಡಬೇಕು ಎಂದು ಮೂರು ದಿನಕ್ಕೆ ಬಂದು ಮರಿಗಳ ಎಡಗಾಲಿಗೆ ಗುರುತು ಮಾಡಿ ಹೋಗುತ್ತಿದ್ದಳು. ಮಕ್ಕಳಾಗಲಿಲ್ಲ. ಗಂಡ ಇನ್ನೊಬ್ಬಳನ್ನು ತಂದುಕೊಂಡ ಮೇಲೆ ಅಪ್ಪನ ಮನೆಗೇ ಬಂದು, ಹುಲ್ಲಿನ ಬುಟ್ಟಿ ಹೆಣೆದು ಬದುಕಿದಳು. ಮೊಟ್ಟೆ ಮಾರಿದಳು, ತಿಂದಳು, ಅದು ಕಾವಲಿನವರ ಪಾಲು. ಒಂದೇ ಒಂದು ಹಕ್ಕಿಯನ್ನೂ ಕೊಯ್ಯಲಿಲ್ಲ. ಹದ್ದು ಹಾವುಗಳು ಒಯ್ದದ್ದೆಷ್ಟೋ ಅಷ್ಟೇ. ಹಬ್ಬಕ್ಕೆ ಬೇಕಾದರೆ ಬೋಲ್ಗ ಸಂತೆಯಿಂದ ಕೊಂಡು ತರುತ್ತಿದ್ದಳು. ಮೂವತ್ತು ಹಕ್ಕಿ ಮರದ ಮೇಲಿಟ್ಟುಕೊಂಡು ಸಂತೆಯಿಂದ ಕೋಳಿ ತರುವವಳೆಂದು ಊರು ಆಡಿಕೊಂಡಿತು. ಏನೋ ಹರಕೆಯಿರಬೇಕು ಎಂದುಕೊಂಡು ಲಮಿಸಿ ಸುಮ್ಮನಿದ್ದಳು.

ಹೀಗಿರುವಾಗ ಅಬೆರಿಂಗ ದೂರು ಕೊಟ್ಟ.

ಸಂತೆಯ ಮರುದಿನ ಮಧ್ಯಾಹ್ನ ಅಕುಗ್ರೆಯ ಮನೆಯ ಮುಂದಿನ ಹುಣಸೆಮರದಡಿ ಸೇರುವುದೆಂದಾಯಿತು. ಅಕುಗ್ರೆ ಈಗ ಎಂಬತ್ತರ ಹತ್ತಿರದ ಊರ ಹಿರಿಯ. ಕಣ್ಣು ಮಂಜು, ನಾಲಿಗೆ ಚುರುಕು. ಕೋಳಿಯ ವ್ಯಾಜ್ಯವಾದರೆ ಕೋಳಿಯೂ ಹಾಜರಿರಬೇಕು ಎಂಬುದು ಅಲ್ಲಿಯ ಕ್ರಮ. ಅತಂಪೋಕ ಒಂದು ಹೆಣ್ಣುಹಕ್ಕಿಯನ್ನು ಹಿಡಿದು ತಂದು ತಾನೇ ಹೆಣೆದ ಬುಟ್ಟಿಯನ್ನು ಅದರ ಮೇಲೆ ಬೋರಲು ಹಾಕಿದಳು. ಅದು ಬುಟ್ಟಿಯೊಳಗಿಂದ ಒಂದೇ ಸಮನೆ ಕಿರುಚುತ್ತಿದ್ದುದರಿಂದ ಅಬೆರಿಂಗ ತನ್ನ ದೂರನ್ನು ಕೂಗಿ ಹೇಳಬೇಕಾಯಿತು.

ಅವನು ಗಣಿಯ ಕಚೇರಿಯಲ್ಲಿ ನಿಲ್ಲುವವನ ಹಾಗೆ ನೆಟ್ಟಗೆ ನಿಂತು, ಕಾಗದ ನೋಡಿಕೊಂಡು ಹೇಳಿದ. ನಸುಕಿನಿಂದ ಶುರು, ಬಿಸಿಲೇರುವವರೆಗೂ ಬಿಡುವಿಲ್ಲ. ತಗಡಿನ ಮೇಲೆ ನಡೆಯುತ್ತವೆ. ತನ್ನ ತಲೆ ಸಿಡಿಯುತ್ತದೆ. ತೊರೆಯ ಹತ್ತಿರ ದೂರದಲ್ಲಿ ಗೂಡು ಕಟ್ಟಿ ಅಲ್ಲಿಟ್ಟರೆ ತಂತಿ, ಕಂಬ ಎಲ್ಲ ತಾನೇ ತಂದುಕೊಡುತ್ತೇನೆ. ಕೆಟ್ಟ ಮಾತು ಒಂದೂ ಆಡಲಿಲ್ಲ. ಅದು ಅವಳಿಗೆ ಇನ್ನಷ್ಟು ಕಷ್ಟವಾಯಿತು.

ಅಕುಗ್ರೆ ತಲೆ ಕೆರೆದುಕೊಂಡ. ಬಿತ್ತಿದ ಬೀಜ ತಿಂದರೆ ಅದಕ್ಕೆ ದಾರಿಯಿದೆ, ಹಕ್ಕಿಯ ಹೊಟ್ಟೆ ಸೀಳಿದರೆ ಕಾಳು ಸಿಗುತ್ತದೆ ಎಂದ. "ಸದ್ದನ್ನ ಯಾವ ಹೊಟ್ಟೆ ಸೀಳಿ ತೋರಿಸ್ಲಪ್ಪಾ ನಾನು?"

ಜನ ನಕ್ಕರು. ಇವತ್ತು ಕೋಳಿ ಆಯಿತು, ನಾಳೆ ಕತ್ತೆಗಳ ಮೇಲೆ ಬರುತ್ತಾನೆ, ನಾಡಿದ್ದು ತನ್ನ ಗೊರಕೆಯ ಮೇಲೆಯೇ, ಎಂದು ಹಿಂದಿನಿಂದ ಒಬ್ಬ ಮುದುಕಿ ಸೇರಿಸಿದಳು. ಅಬೆರಿಂಗ ನಗಲಿಲ್ಲ. ಕಾಗದ ಮಡಚಿ ಜೇಬಿಗಿಟ್ಟುಕೊಂಡ. ನಗು ತಾನಾಗಿ ತಣ್ಣಗಾಗುವವರೆಗೆ ಕಾದ.

"ಅಜ್ಜಾ, ಅಲ್ಲಿ ನೆಲದಡಿ ಊಟಕ್ಕೆ ಕೂತಾಗ ನಾನು ಈ ಊರಿನ ಬೆಳಗನ್ನ ನೆನೆಸ್ಕೋತಿದ್ದೆ," ಎಂದ. "ಮೂವತ್ತು ವರ್ಷ, ದಿನಾ. ಬಯಲು, ಬಿಸಿಲು, ಹೊಗೆ ಏಳ್ತಿರೋದು. ಒಂದು ಚೂರೂ ಸದ್ದು ಇರ್ತಿರ್ಲಿಲ್ಲ. ಅದಕ್ಕೇ ಬಂದೆ."

ಬುಟ್ಟಿಯಡಿಯ ಹಕ್ಕಿ ಆ ಗಳಿಗೆಗೆ ಸರಿಯಾಗಿ ಸುಮ್ಮನಾಗಿತ್ತು. ಅತಂಪೋಕ ಬುಟ್ಟಿಯ ಅಂಚಿನ ಹುಲ್ಲನ್ನು ಬೆರಳಿನಿಂದ ಸವರುತ್ತ ಕೂತಿದ್ದಳು. ಒಂದು ಚೂರೂ ಸದ್ದಿರಲಿಲ್ಲ. ಅವಳ ಮೂವತ್ತನಾಲ್ಕು ವರ್ಷದಲ್ಲಿ ಆ ಸದ್ದಲ್ಲದೆ ಬೇರೇನಿತ್ತು? ಪ್ರತಿ ನಸುಕಿನಲ್ಲೂ ಮರ ಕೂಗಿದಾಗ ಸಜ್ಜೆಯ ನಡುವೆ ಯಾರೋ ಬರುತ್ತಿದ್ದರು. ಪ್ರತಿ ನಸುಕಿನಲ್ಲೂ ತಲೆ ಇನ್ನೂ ಕಾಣಿಸಿರಲಿಲ್ಲ, ಪೈರಷ್ಟೇ ಅಲ್ಲಾಡುತ್ತಿತ್ತು.

ಅಕುಗ್ರೆ ಗಂಟಲು ಸರಿಮಾಡಿಕೊಂಡ. ಹುಡುಗ ದಣಿದು ಬಂದಿದ್ದಾನೆ, ಕಿವಿ ಕೆಟ್ಟಿದೆ, ಅದೂ ಒಂದು ಗಾಯವೇ ಎಂದ. ಬಿತ್ತನೆಗೆ ಮುಂಚೆ ಅತಂಪೋಕ ತನ್ನ ಹಕ್ಕಿಗಳನ್ನು ತೊರೆಯ ದಡಕ್ಕೆ ಸಾಗಿಸಲಿ, ಇಲ್ಲವೇ ಮಾರಲಿ. ಏನಮ್ಮಾ, ಹೇಳುವುದೇನಾದರೂ ಇದೆಯೇ?

ಅವಳು ಎದ್ದು ನಿಂತಳು. "ಅವು ನನ್ನ ಹಕ್ಕಿಗಳಲ್ಲ ಚಿಕ್ಕಪ್ಪಾ."

ನಗು ಮತ್ತೆ ಎದ್ದಿತು. ಹಾಗಾದರೆ ಮರದ್ದಿರಬೇಕು ಎಂದನೊಬ್ಬ. ಲಮಿಸಿ ಅವಳ ಸೆರಗು ಎಳೆದಳು. ಅತಂಪೋಕ ಕೂರಲಿಲ್ಲ.

"ಕಾಲು ನೋಡಿ," ಎಂದಳು.

ಅಕುಗ್ರೆ ಬುಟ್ಟಿಯಡಿ ಕೈ ತೂರಿಸಿ ಹಕ್ಕಿಯನ್ನು ತೆಗೆದು ಮಡಿಲಲ್ಲಿಟ್ಟುಕೊಂಡ. ಕಣ್ಣು ಕಾಣದ್ದಕ್ಕೆ ಹೆಬ್ಬೆರಳಿನಿಂದ ಬಲಗಾಲಿನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ. ಎಲ್ಲ ಸರಿಯಾಗಿದ್ದವು. ಎಡಗಾಲು ಮುಟ್ಟಿದ. ಹೆಬ್ಬೆರಳು ಒಂದು ಕಡೆ ನಿಂತಿತು. ಮತ್ತೊಮ್ಮೆ ಮುಟ್ಟಿದ. ಅವನ ಮುಖದ ಮೇಲಿನ ತಮಾಷೆ ಇಳಿದುಹೋಯಿತು.

"ಅಬೆರಿಂಗ. ನಿಮ್ಮಪ್ಪ ಯಾವ ಕಾಲಿಗೆ ಕತ್ತರಿಸ್ತಿದ್ದ?"

"ಎಡಗಾಲು. ಒಳಬೆರಳು. ಯಾಕೆ?"

"ತಗೋ ಇದನ್ನ. ನಿನ್ನ ಹಕ್ಕಿ ಮೇಲೆ ನೀನೇ ದೂರು ತಂದಿದ್ದೀಯಾ."

ಚಿಕ್ಕ ವಯಸ್ಸಿನವರು ಹೊಟ್ಟೆ ಹಿಡಿದು ನಕ್ಕರು. ಹಿರಿಯರು ನಗಲು ಶುರುಮಾಡಿ ನಡುವೆಯೇ ನಿಂತರು. ಒಬ್ಬೊಬ್ಬರಾಗಿ ಅತಂಪೋಕಳ ಕಡೆ ತಿರುಗಿದರು. ಅಬೆರಿಂಗ ಹಕ್ಕಿಯನ್ನು ಎದೆಗೊತ್ತಿ ಹಿಡಿದು, ಮೊಟಕಾದ ಆ ಬೆರಳನ್ನು ತನ್ನ ಬೆರಳಿನಿಂದ ಒತ್ತಿ ನೋಡುತ್ತಿದ್ದ. ಹಕ್ಕಿ ಅವನ ಮುಖದ ಹತ್ತಿರವೇ ಕಿರುಚಿತು. ಅವನು ಅದನ್ನು ಗಮನಿಸಿದಂತೆ ಕಾಣಲಿಲ್ಲ.

"ಹಿಡಿದ ಮೇಲೆ ಮಾತಾಡೋಣ ಅಂದಿದ್ದೆ ನಾನು," ಎಂದ ಅಕುಗ್ರೆ, ಯಾರಿಗೂ ಅಲ್ಲದ ಹಾಗೆ. ತೀರ್ಪು ಹೇಳದೆಯೇ ಎದ್ದು ಒಳಗೆ ಹೋದ.

ದಾರಿಯುದ್ದಕ್ಕೂ ಲಮಿಸಿ ತಮಾಷೆ ಮಾಡಲಿಲ್ಲ. ಮನೆಯ ಬಾಗಿಲು ಬಂದಾಗ, ಹದಿನೆಂಟು ವರ್ಷ ಒಂದೇ ಮಡಕೆಯಲ್ಲಿ ಉಂಡರೂ ನನಗೆ ಹೇಳಲಿಲ್ಲವಲ್ಲ ನೀನು ಎಂದು ಮುಖ ತಿರುವಿಕೊಂಡಳು.

"ಹೇಳಿದ್ರೆ ನೀನು ಒಂದನ್ನ ಕೊಯ್ದು ಅವನಿಗೆ ಸುದ್ದಿ ಕಳಿಸಿಬಿಡ್ತಿದ್ದೆ," ಎಂದಳು ಅತಂಪೋಕ.

"ಕಳಿಸ್ತಿದ್ದೆ. ಖಂಡಿತ ಕಳಿಸ್ತಿದ್ದೆ."

ಮೂರು ದಿನ ಕಲ್ಲು ಬೀಳಲಿಲ್ಲ. ಅಬೆರಿಂಗ ಬೆಳಿಗ್ಗೆ ಎದ್ದು ಮೆಟ್ಟಿಲ ಮೇಲೆ ಕೂತು ಮರವನ್ನು ನೋಡುತ್ತಿದ್ದ. ಅತಂಪೋಕ ಗೋಡೆಯ ನೆರಳಿನಲ್ಲಿ ಬುಟ್ಟಿ ಹೆಣೆಯುತ್ತ ಕೂತಿದ್ದಳು. ಒಂದೇ ಸುತ್ತನ್ನು ಎರಡು ಸಲ ಬಿಚ್ಚಿದಳು. ಕೆಂಪು ಹುಲ್ಲು ಬರಬೇಕಾದಲ್ಲಿ ಕಪ್ಪು ಹಾಕಿದ್ದಳು. ಎರಡನೆಯ ದಿನ ತೋಳಿಗೆ, ಕಾಲಿಗೆ ಶಿಯಾ ಬೆಣ್ಣೆ ಹಚ್ಚಿಕೊಂಡಳು. ಲಮಿಸಿ ಅದನ್ನು ನೋಡಿ, ಗಂಡಪ್ಪಾ ಬಾಣಲೆಗೆ ಹಾಕೋವಷ್ಟು ಹಚ್ಕೊಂಡಿದ್ದೀಯಾ ಎಂದಳು. ಮುನಿಸು ಮುಗಿದಿತ್ತು. ಅತಂಪೋಕಳಿಗೆ ತನ್ನ ಮೇಲೆಯೇ ಸಿಟ್ಟು ಬಂತು, ಒರೆಸಿಕೊಳ್ಳಲಿಲ್ಲ. ಐವತ್ತಮೂರು ವರ್ಷದ ಮೈ ಒಂದು ದಾರದ ತುದಿಗಾಗಿ ಹೀಗೆ ಕಾಯಬಲ್ಲದೆಂದು ಅವಳಿಗೆ ಗೊತ್ತಿರಲಿಲ್ಲ.

ನಾಲ್ಕನೆಯ ದಿನ ಅವಳು ಮಾಳಿಗೆಯ ಮೇಲೆ ಬಣ್ಣ ಹಾಕಿದ ಹುಲ್ಲು ಹರವುತ್ತಿದ್ದಳು. ಏನೋ ಆಗಿ ತಲೆಯೆತ್ತಿದಳು. ಅಬೆರಿಂಗ ಬರುತ್ತಿದ್ದ.

ನೀಲಿ ಪಟ್ಟೆಯ ದೊಗಲೆ ನೇಯ್ಗೆ ಅಂಗಿ ತೊಟ್ಟಿದ್ದ. ಪಕ್ಕದಲ್ಲಿ ಕೋಲೂರಿಕೊಂಡು ಅಕುಗ್ರೆ. ಅಬೆರಿಂಗನ ಒಂದು ಕೈಯಲ್ಲಿ ಕೋಲಾ ಬೀಜದ ಗಂಟು, ಇನ್ನೊಂದರಲ್ಲಿ ದಾರ, ದಾರದ ತುದಿಯಲ್ಲಿ ತಲೆಕೆಳಗಾಗಿ ಆ ಹೆಣ್ಣುಹಕ್ಕಿ. ಹೊಲ ಬರಿದಾಗಿತ್ತು, ಮೊದಲ ಮಳೆಗೆ ಕಾಯುತ್ತಿತ್ತು. ಅರವತ್ತು ಹೆಜ್ಜೆಯೂ ಒಂದೇ ಸಲಕ್ಕೆ ಕಂಡುಬಿಟ್ಟಿತು. ಅಲ್ಲಾಡಲು ಪೈರಿರಲಿಲ್ಲ. ಆದರೂ ಅವಳು ಹತ್ತೊಂಬತ್ತರ ಹಾಗೆಯೇ ಧಾವಿಸಿದಳು, ಏಣಿ ಇಳಿಯುವಾಗ ಕಾಲು ಕಚ್ಚು ತಪ್ಪಿತು. ಅರ್ಧ ಇಳಿದ ಮೇಲೆ ಅವಳಿಗೆ ಹೊಳೆಯಿತು. ಹಕ್ಕಿ ಕೂಗುತ್ತಿರಲಿಲ್ಲ. ಅವರು ಬರುತ್ತಿರುವುದು ಊರಿನಲ್ಲಿ ಯಾರಿಗೂ ಕೇಳಿಸಿರಲಿಲ್ಲ.

ಹತ್ತಿರ ಬಂದಾಗ ಕಂಡಳು. ಸೈಕಲ್ ಟ್ಯೂಬಿನ ತೆಳ್ಳನೆಯ ತುಂಡಿನಿಂದ ಅದರ ಕೊಕ್ಕನ್ನು ಸುತ್ತಿ ಕಟ್ಟಿದ್ದ.

ಅಯಾಮ್ಗ ಆ ದಿನ ಬೋಲ್ಗದ ತನ್ನ ಸೈಕಲ್ ರಿಪೇರಿ ಕೆಲಸಕ್ಕೆ ಹೋಗದೆ ಮನೆಯಲ್ಲಿದ್ದ. ಅಕುಗ್ರೆ ಮುಂಚೆಯೇ ಹೇಳಿಕಳಿಸಿರಬೇಕು. ಚಾಪೆ ಹಾಸಿದರು. ಲಮಿಸಿ ಹಿಟ್ಟಿನ ನೀರು ತಂದಳು. ಅಕುಗ್ರೆ ಕುಡಿದು, ಕ್ರಮಪ್ರಕಾರ ಮಾತು ತೆಗೆದ. ಈ ಮನೆಗೆ ಬಂದ ಹಕ್ಕಿಯೊಂದು ಕೈತಪ್ಪಿ ಮರ ಹತ್ತಿತ್ತು. ಹಿಡಿಯಲು ಸ್ವಲ್ಪ ತಡವಾಯಿತು. ಈಗ ಕೈಗೆ ಸಿಕ್ಕಿದೆ. ಉತ್ತರ ಹೇಳಬೇಕಾದವನು ಮಣ್ಣಿನಡಿಯಿದ್ದಾನೆ, ಅವನ ಮಗ ಇದ್ದಾನೆ, ಹೇಳಲಿ. ಅಯಾಮ್ಗ ಮುಜುಗರದಿಂದ ಕೈ ಹೊಸಕಿಕೊಂಡ. ಆಗ ನನಗೆ ಒಂಬತ್ತು ವರ್ಷ, ಈಗ ಅಕ್ಕನ ಬಾಯೇ ನನ್ನ ಬಾಯಿ ಎಂದ. ಒಳಗೆ ಹೋಗಿ ಚಾಕು ತಂದು ಚಾಪೆಯ ಮೇಲಿಟ್ಟ.

ಅಬೆರಿಂಗ ಅತಂಪೋಕಳನ್ನು ನೋಡಿದ. ಬಂದಾಗಿನಿಂದ ಅವಳನ್ನು ಅವನು ಹಾಗೆ ನೋಡಿರಲಿಲ್ಲ.

"ಒಂದು ಬೇಸಿಗೆ ಪೂರ್ತಿ ಕಾದೆ," ಎಂದ. "ಉತ್ತರ ಬರ್ಲಿಲ್ಲ. ಬರದೇ ಇರೋದೇ ಉತ್ತರ ಅಂದ್ಕೊಂಡೆ. ಆಗ ನಿಮ್ಮಪ್ಪ ಏನ್ ಹೇಳ್ತಿದ್ರೋ ಇವತ್ತಿಗೂ ನಂಗೊತ್ತಿಲ್ಲ."

"ಅವತ್ತು ಸಂಜೆನೇ ಚಾಕು ಮಸೆದಿಟ್ಟಿದ್ದ ಅಪ್ಪ."

ಅವನು ತಲೆ ತಗ್ಗಿಸಿದ. ಹಕ್ಕಿ ಚಾಪೆಯ ಮೇಲೆ ರೆಕ್ಕೆ ಬಡಿಯಿತು, ಕೊಕ್ಕು ತೆರೆಯಲು ಆಗಲಿಲ್ಲ.

ಅವನು ಮೆಲ್ಲಗೆ ಹೇಳತೊಡಗಿದ. ತನ್ನ ಮನೆಯಲ್ಲಿ ಮೂರು ಕೋಣೆಯಿದೆ. ಮಕ್ಕಳು ದಕ್ಷಿಣದಲ್ಲೇ ನೆಲೆಸಿದ್ದಾರೆ, ಬರುವವರಲ್ಲ. ಒಂದು ಕೋಣೆಗೆ ಎರಡು ಕಿಟಕಿಯಿದೆ, ಬುಟ್ಟಿ ಹೆಣೆಯಲು ಬೆಳಕು ಚೆನ್ನಾಗಿದೆ. ಇವತ್ತು ಇದನ್ನು ಕೊಯ್ಯೋಣ, ಉಳಿದವನ್ನು ಸಂತೆಗೆ ಕಳಿಸೋಣ. ಆ ಮರದ ದೊಡ್ಡ ಕೊಂಬೆ ಇಳಿಸಿದರೆ ಮತ್ತೆ ಬಂದು ಕೂರುವುದಿಲ್ಲ. ಅವನ ದನಿಯಲ್ಲಿ ನಿಜವಾದ ಕಕ್ಕುಲಾತಿಯಿತ್ತು. "ನೀನು ಕಾದಿದ್ದು ಸಾಕು. ಇನ್ನಾದ್ರೂ ನಿದ್ದೆ ಮಾಡೋಣ, ಇಬ್ರೂ."

"ತಗೋ ಗಂಡಪ್ಪಾ," ಎಂದಳು ಲಮಿಸಿ ಅಡುಗೆಕೋಣೆಯ ಬಾಗಿಲಿನಿಂದ. ಅವಳ ಕಣ್ಣು ಒದ್ದೆಯಾಗಿತ್ತು. "ಚಾಕು ತಗೊಂಡು ತಮ್ಮನ ಕೈಗೆ ಕೊಡು, ಸಾಕು."

ಅತಂಪೋಕ ಹಕ್ಕಿಯನ್ನು ಮಡಿಲಿಗೆ ತೆಗೆದುಕೊಂಡಳು. ಕೊಕ್ಕಿನ ಸುತ್ತ ಬಿಗಿದಿದ್ದ ಟ್ಯೂಬಿನ ತುಂಡನ್ನು ಉಗುರಿನಿಂದ ಎಬ್ಬಿಸಿ ಸುತ್ತುಸುತ್ತಾಗಿ ಬಿಚ್ಚಿದಳು. ಹಕ್ಕಿ ಒಂದು ಕ್ಷಣ ಬಾಯಿ ತೆರೆದು ಮುಚ್ಚಿತು. ಆಮೇಲೆ ಕೂಗಿತು. ದವದವ ಮರದಿಂದ ಉಳಿದವು ಓಗೊಟ್ಟವು. ಅಬೆರಿಂಗನ ಬಲಗೈ ತಾನಾಗಿ ಕಿವಿಗೆ ಹೋಯಿತು. ಅದು ಹೋದದ್ದು ಅವನಿಗೇ ತಿಳಿದಿರಲಿಲ್ಲ. ಕಿವಿ ಮುಚ್ಚಿಕೊಂಡೇ ಅವನು ಅವಳನ್ನು ನೋಡಿ ನಗಲು ಪ್ರಯತ್ನಿಸುತ್ತಿದ್ದ. ಆ ನಗುವಿನ ಮೂಲೆಯಲ್ಲೆಲ್ಲೋ ಹಳೆಯ ನಗುವಿನ ಒಂದು ಚೂರು ಇತ್ತು. ಅವಳು ಅದನ್ನು ಸರಿಯಾಗಿ ನೋಡಿಕೊಂಡ ಮೇಲೆ ಕಾಲಿನ ದಾರದ ಗಂಟನ್ನು ಬಿಚ್ಚಿದಳು. ಹಕ್ಕಿ ಮಡಿಲಿನಿಂದ ನೆಗೆದು, ಅಕುಗ್ರೆಯ ತಲೆಯನ್ನು ಸವರಿಕೊಂಡು ಹಾರಿ, ಮರ ಸೇರಿತು.

ಅಕುಗ್ರೆ ನಿಟ್ಟುಸಿರಿಟ್ಟ. ಹೋಗಲಿ, ಸಂಜೆಯೊಳಗೆ ಮತ್ತೆ ಹಿಡಿಸುತ್ತೇನೆ, ಈ ಸಲ ಮೂವತ್ತನಾಲ್ಕು ವರ್ಷ ಆಗುವುದಿಲ್ಲ ಎಂದ.

ಅಬೆರಿಂಗ ಕಿವಿಯಿಂದ ಕೈ ಇಳಿಸಿದ. ಬಿಚ್ಚಿಬಿದ್ದ ಟ್ಯೂಬಿನ ತುಂಡನ್ನು ನೋಡಿದ, ಮರವನ್ನು ನೋಡಿದ.

"ಆಯ್ತು," ಎಂದ. "ಕೊಯ್ಯೋದು ಬೇಡ, ಮಾರೋದೂ ಬೇಡ. ಮರನೂ ಇರ್ಲಿ, ಕೂಗ್ಕೊಳ್ಲಿ. ನಾನು ಕಿವಿಗೆ ಹತ್ತಿ ಇಟ್ಕೋತೀನಿ. ನೀನು ಬಾ."

ಪ್ರತಿ ನಸುಕಿನಲ್ಲೂ ಸಜ್ಜೆಯ ನಡುವೆ ಬರುತ್ತಿದ್ದವನು ಆ ಹಕ್ಕಿಗಳನ್ನು ಎತ್ತಿ ಹಿಡಿದು ನಗುತ್ತಿದ್ದವನು, ಕಿವಿಗೆ ಹತ್ತಿ ಇಟ್ಟುಕೊಳ್ಳುವವನಲ್ಲ. ದಾರ ಇನ್ನೂ ಅವಳ ಬೆರಳಿಗೆ ಸುತ್ತಿಕೊಂಡಿತ್ತು. ಅದನ್ನು ನೀಟಾಗಿ ಮಡಚಿ, ಅವನ ಕೋಲಾ ಬೀಜದ ಗಂಟಿನ ಮೇಲೆ ಇಟ್ಟಳು.

"ಬರಲ್ಲ," ಎಂದಳು ಅತಂಪೋಕ.